ಯಾವ ಊರು, ಯಾರ ಪೈಕಿ?

ಸಾಸವಡಕ್ಕೆ ರೈಲಿಲ್ಲ, ವಿಮಾನವೂ ಇಲ್ಲ. ಆದರೂ ಎರಡರ ಹೆಸರು ಮಾತ್ರ ಊರಿಗೆ ಅಂಟಿಕೊಂಡಿದೆ. ‘ಸಾಸವಡ ರೋಡ್’ ಎಂಬ ಸ್ಟೇಶನ್ನು ಪುಣೆಯ ಹಡಪಸರದ ಬಗಲಿಗಿದೆ. ಅಲ್ಲಿ ಇಳಿದವರು ಬಸ್ಸು ಹಿಡಿದು ದಿವೆ ಘಾಟ ಹತ್ತಿ ನಮ್ಮೂರು ಮುಟ್ಟುವಷ್ಟರಲ್ಲಿ ಅವರನ್ನು ಇಳಿಸಿದ ರೈಲು ಜೇಜುರಿಯ ಹಾದಿಯಲ್ಲಿರುತ್ತದೆ. ಗೋಕರ್ಣ ರೋಡ್, ಗುಳೇದಗುಡ್ಡ ರೋಡ್ ಕಂಡವರಿಗೆ ಈ ಬಾಲಂಗೋಚಿಯ ಮರ್ಮ ಬಿಡಿಸಿ ಹೇಳಬೇಕಿಲ್ಲ: ರೈಲಿನವರ ಜವಾಬ್ದಾರಿ ಇಲ್ಲಿಗೆ ಮುಗಿಯಿತು, ಮುಂದೆ ನಿಮ್ಮ ಪಾಡು ನಿಮ್ಮದು. ಇನ್ನು ವಿಮಾನ. ಪುರಂದರ ತಾಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು 2016ರಿಂದ ನಡೆದಿದೆ. ಪಾರಗಾವ, ಖಾನವಡಿ, ಮುಂಜವಡಿ, ಏಖತಪುರ, ಕುಂಭಾರವಳಣ, ವನಪುರಿ, ಉದಾಚಿವಾಡಿ ಎಂಬ ಏಳು ಹಳ್ಳಿಗಳ ನೆಲ ಅದಕ್ಕೆ ಬೇಕು. ಅಂಜೂರ, ಸೀತಾಫಲ ಬೆಳೆಯುವ ಅಲ್ಲಿಯ ರೈತರು ಒಲ್ಲೆವೆಂದು ಬೀದಿಗಿಳಿದವರು. ಸೀತಾಫಲದ ಕಾಲದಲ್ಲಿ ಸಾಸವಡದ ಸಂತೆಗೆ ಹೋದರೆ ಒಂದು ಬುಟ್ಟಿ ಹಣ್ಣಿನ ಚೌಕಾಶಿ ಮುಗಿಯುವುದರೊಳಗೆ ವಿಮಾನ ನಿಲ್ದಾಣದ ಸುದ್ದಿ ಒಮ್ಮೆಯಾದರೂ ಬಂದುಹೋಗುತ್ತದೆ.

ನಾನು ಧಾರವಾಡದ ಮಗಳು, ಸಾಸವಡದ ಸೊಸೆ. ತವರಿಗೆ ಹೋಗಬೇಕೆಂದರೆ ರೈಲು, ಬೆಂಗಳೂರಿನಲ್ಲಿರುವ ಮಗನ ಮನೆಗೆಂದರೆ ಅವನೇ ಕಳಿಸುವ ವಿಮಾನದ ಟಿಕೀಟು. ಪುಣೆ–ಹುಬ್ಬಳ್ಳಿ ವಂದೇ ಭಾರತ್ 2024ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ವಾರಕ್ಕೆ ಮೂರು ದಿನ ನಮ್ಮ ತಾಲೂಕನ್ನು ಹಾಯ್ದು ಹೋಗುತ್ತದೆ, ಜೇಜುರಿಯ ಖಂಡೋಬನಿಗೂ ನಿಲ್ಲದೆ. ನಮ್ಮ ಮೈಲಾರಲಿಂಗನೇ ಇಲ್ಲಿ ಖಂಡೋಬ ಎಂಬುದು ಆ ರೈಲಿಗೇನು ಗೊತ್ತು? ಹತ್ತಬೇಕೆಂದರೆ ನಾನು ಹಿಂದಕ್ಕೆ ಪುಣೆಗೇ ಹೋಗಬೇಕು. ಹೀಗೆ ಒಂದೇ ಪುಣೆಯಿಂದ ಒಮ್ಮೆ ರೈಲು, ಒಮ್ಮೆ ವಿಮಾನ ಹತ್ತುವ ನನಗೆ ಸರ್ಕಾರದ ಎರಡು ಮುಖಗಳ ಪರಿಚಯವಾಗಿದೆ. ಲೋಹಗಾಂವದ ವಿಮಾನ ನಿಲ್ದಾಣದ ಬಾಗಿಲಲ್ಲಿ ಅದು ನನ್ನ ಸೀರೆಯ ಪಿನ್ನನ್ನೂ ಬಿಡದೆ ನೋಡುತ್ತದೆ. ರೈಲಿನ ಬಾಗಿಲಲ್ಲಿ ನಾನು ಹತ್ತಿದೆನೋ ಇಲ್ಲವೋ ಎಂದೂ ನೋಡುವುದಿಲ್ಲ.

ಪಿನ್ನಿನ ಮಾತು ಬಂತಲ್ಲ, ಅದನ್ನೇ ಮೊದಲು ಮುಗಿಸುತ್ತೇನೆ. ವಿಮಾನ ನಿಲ್ದಾಣದಲ್ಲಿ ಗಂಡಸರ ತಪಾಸಣೆ ಬಯಲಿನಲ್ಲಿ, ಹೆಂಗಸರದು ಪರದೆಯ ಗೂಡಿನಲ್ಲಿ. ಒಳಗೆ ಒಂದು ಮೋಟು ಕಟ್ಟೆ, ಅದರ ಮೇಲೆ ಹತ್ತಿ ನಿಲ್ಲಬೇಕು. ಖಾಕಿಯ ಹೆಣ್ಣುಮಗಳು ಕೈಯಲ್ಲಿನ ಕಪ್ಪು ಕಡ್ಡಿಯನ್ನು ಹೆಗಲಿನಿಂದ ಪಾದದವರೆಗೆ ಆಡಿಸುತ್ತಾಳೆ. ಹೆಗಲ ಮೇಲೆ ಕುಂಯ್, ಅದು ಸೆರಗಿನ ಪಿನ್ನು. ಕೊರಳಲ್ಲಿ ಕುಂಯ್, ತಾಳಿ. ನಡುವಿನಲ್ಲಿ ಕುಂಯ್, ನಿರಿಗೆಯ ಪಿನ್ನು. ಅದರ ಪಕ್ಕಕ್ಕೇ ಇನ್ನೊಂದು ಕುಂಯ್, ಮನೆಯ ಕೀಲಿಗೊಂಚಲು. ಎಲ್ಲಿ ಹೋದರೂ ನಡುವಿಗೆ ಸಿಗಿಸಿಕೊಳ್ಳುವ ಚಟ. ಸೀರೆಗೆ ಎಷ್ಟು ಕಡೆ ಪಿನ್ನು ಚುಚ್ಚಿಕೊಂಡಿದ್ದೇನೆಂದು ನನಗಿಂತ ಆ ಕಡ್ಡಿಗೇ ಸರಿಯಾಗಿ ಗೊತ್ತು. ನಮ್ಮ ಅತ್ತೆಯವರನ್ನು ಮೊದಲ ಸಲ ಕರೆದುಕೊಂಡು ಹೋದಾಗ ಖಾಕಿಯಾಕೆ “ಹಾಥ್ ಫೈಲಾಯಿಯೇ, ಮಾತಾಜಿ” ಎಂದಳು. ಹಿಂದಿ ಅರ್ಥವಾಗದ ಅತ್ತೆ ಕಟ್ಟೆಯ ಮೇಲೆ ವಿಠೋಬನ ಹಾಗೆ ಎರಡೂ ಕೈ ಟೊಂಕದ ಮೇಲಿಟ್ಟು ನಿಂತುಬಿಟ್ಟರು. ಆಕೆಗೆ ನಗು ತಡೆಯಲಾಗಲಿಲ್ಲ. ತಾನೇ ಎರಡು ಕೈ ಚಾಚಿ ತೋರಿಸಿದಳು. ಹೊರಗೆ ಬಂದ ಅತ್ತೆ ಕೇಳಿದ್ದು ಒಂದೇ ಮಾತು: “ಎಷ್ಟೆಲ್ಲ ಮುಟ್ಟಿ ನೋಡಿದಳು, ಒಂದು ಮಾತು ಊರು ಯಾವುದು ಅಂತ ಕೇಳಲಿಲ್ಲವಲ್ಲೇ!”

ಅತ್ತೆಯ ಈ ತಕರಾರಿನಲ್ಲಿ ಹುರುಳಿದೆ ಎಂದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ವಿಮಾನದ ತಪಾಸಣೆಯನ್ನು ಹಂಗಿಸುವುದು ಸುಲಭ. ಆದರೆ ಅಲ್ಲಿಯ ಒಂದೊಂದು ರಗಳೆಯ ಹಿಂದೆಯೂ ಒಂದೊಂದು ಅನಾಹುತವೋ, ಕೂದಲೆಳೆಯಲ್ಲಿ ತಪ್ಪಿದ ಅನಾಹುತವೋ ಇದೆ. ಬೂಟು ಬಿಚ್ಚಿಸುವುದು ಯಾಕೆ? 2001ರ ಡಿಸೆಂಬರಿನಲ್ಲಿ ಒಬ್ಬಾತ ಬೂಟಿನಲ್ಲಿ ಸ್ಫೋಟಕ ಇಟ್ಟುಕೊಂಡು ಅಮೆರಿಕದ ವಿಮಾನ ಹತ್ತಿದ್ದ. ಪರದೇಶಕ್ಕೆ ಹೋಗುವಾಗ ನೂರು ಮಿಲಿಲೀಟರಿಗಿಂತ ದೊಡ್ಡ ಬಾಟಲಿಯನ್ನು ಕೈಚೀಲದಲ್ಲಿ ಒಯ್ಯಬಾರದು ಯಾಕೆ? 2006ರ ಆಗಸ್ಟಿನಲ್ಲಿ ಲಂಡನ್ನಿನ ಪೊಲೀಸರು ತಂಪು ಪಾನೀಯದ ಬಾಟಲಿಗಳಲ್ಲಿ ಬಾಂಬು ಸಾಗಿಸುವ ಸಂಚನ್ನು ಹಿಡಿದರು. ಚೀಲ ಒಳಗೆ ಹೋಗಿ ಅದರ ಒಡೆಯ ಹತ್ತದೇ ಉಳಿದರೆ ವಿಮಾನ ನಿಲ್ಲಿಸಿ ಆ ಚೀಲವನ್ನು ಹುಡುಕಿ ಕೆಳಗಿಳಿಸುತ್ತಾರಲ್ಲ, ಅದರ ಹಿಂದೆ 1985ರ ಜೂನ್ 23 ಇದೆ. ಏರ್ ಇಂಡಿಯಾದ ಕನಿಷ್ಕ ಅಟ್ಲಾಂಟಿಕ್ ಸಾಗರದ ಮೇಲೆ ಒಡೆದು 329 ಜನ ಸತ್ತರು. ಬಾಂಬಿದ್ದ ಚೀಲ ಪ್ರಯಾಣ ಮಾಡಿತ್ತು, ಚೀಲ ಕೊಟ್ಟವನು ಮಾಡಿರಲಿಲ್ಲ. ವಿಮಾನಗಳ ಭದ್ರತೆ ನೋಡಿಕೊಳ್ಳುವ ಬ್ಯೂರೋ 1987ರಲ್ಲಿ ಸ್ವತಂತ್ರ ಇಲಾಖೆಯಾದದ್ದು ಆ ಪೆಟ್ಟಿನ ಬೆನ್ನಿಗೇ. ಆಮೇಲೆ 1999ರ ಡಿಸೆಂಬರ್ 24: ಕಾಠ್ಮಂಡುವಿನಿಂದ ದೆಹಲಿಗೆ ಹೊರಟ ವಿಮಾನ ಅಪಹರಣವಾಗಿ ಕಂದಹಾರಕ್ಕೆ ಹೋಯಿತು. ಮುಂದಿನ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ ಸಿಐಎಸ್‌ಎಫ್ ಎಂಬ ಕೇಂದ್ರ ಪಡೆ ಒಂದೊಂದೇ ವಿಮಾನ ನಿಲ್ದಾಣದ ಬಾಗಿಲಿಗೆ ಬಂದು ನಿಂತಿತು. ನನ್ನ ಪಿನ್ನಿನ ಮೇಲೆ ಕುಂಯ್‌ಗುಡುವ ಕಡ್ಡಿಗೆ ಇಷ್ಟು ಉದ್ದದ ಪೂರ್ವಕಥೆ. ಸುಮ್ಮನೆ ಕೈ ಚಾಚಿ ನಿಲ್ಲುತ್ತೇನೆ.

ಆದರೆ ಕೊಬ್ಬರಿಯ ವಿಷಯದಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. ಅವ್ವ ಮೊಮ್ಮಗನ ಮನೆಗೆಂದು ಬೆಂಗಳೂರಿಗೆ ಬಂದಿದ್ದಳು. ನಾನು ಹೊರಡುವ ದಿನ ಉಡಿ ತುಂಬಿದಳು. ಗುಳೇದಗುಡ್ಡದ ಖಣ, ಅಕ್ಕಿ, ಅರಿಶಿನ ಕೊಂಬು, ಉತ್ತತ್ತಿ, ಅಡಿಕೆ, ಒಣಕೊಬ್ಬರಿಯ ಎರಡು ಬಟ್ಟಲು. ಉಡಿಯ ಸಾಮಾನನ್ನು ಹೆಣ್ಣುಮಕ್ಕಳು ಹಾದಿಯಲ್ಲಿ ಬಿಟ್ಟು ಹೋಗುವುದಿಲ್ಲ, ಯಾರಿಗೂ ಕೊಟ್ಟು ಹೋಗುವುದಿಲ್ಲ. ಕೈಚೀಲದಲ್ಲಿ ಇಟ್ಟುಕೊಂಡೆ. ಯಂತ್ರದ ಆಚೆ ಕೂತಿದ್ದ ಹುಡುಗ ಚೀಲವನ್ನು ಬದಿಗೆ ಸರಿಸಿದ. ಗಂಟು ಬಿಚ್ಚಿಸಿದ. ಅಕ್ಕಿ ಬಿಟ್ಟ, ಅರಿಶಿನ ಬಿಟ್ಟ, ಕೊಬ್ಬರಿಯ ಮೇಲೆ ಬೆರಳಿಟ್ಟ. “ಯೇ ನಹೀ ಜಾಯೇಗಾ.” ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಜಾಸ್ತಿ, ತಾನೇ ಕಾವೇರಿ ಬೆಂಕಿ ಹತ್ತಬಲ್ಲ ಪದಾರ್ಥಗಳ ಪಟ್ಟಿಯಲ್ಲಿ ಅದು ಇದೆ, ದೊಡ್ಡ ಬ್ಯಾಗಿನಲ್ಲಿ ಹಾಕಿ ಕಳಿಸಲೂ ಬರುವುದಿಲ್ಲ. ತಿಪಟೂರಿನ ವ್ಯಾಪಾರಿಗಳು ಮೂಟೆಗಟ್ಟಲೆ ಕೊಬ್ಬರಿಯ ಪಕ್ಕದಲ್ಲೇ ನಿದ್ದೆ ಮಾಡುತ್ತಾರಪ್ಪಾ ಎಂದು ಹೇಳಬೇಕೆನಿಸಿತು. ಹೇಳಿ ಫಲವಿಲ್ಲ, ಆ ಹುಡುಗ ಬಿಹಾರದ ಕಡೆಯವನಿರಬೇಕು, ಪಟ್ಟಿ ಅವನು ಬರೆದದ್ದಲ್ಲ. ತೆಂಗಿನಕಾಯಿಗೂ ಕೈಚೀಲದಲ್ಲಿ ಜಾಗವಿಲ್ಲ. ಶಬರಿಮಲೆಗೆ ಇರುಮುಡಿ ಹೊತ್ತು ಹೋಗುವವರು ಗೋಳಾಡಿದ ಮೇಲೆ 2024ರ ಅಕ್ಟೋಬರಿನಲ್ಲಿ ಸರ್ಕಾರ ಅವರಿಗಷ್ಟೇ, ಆ ಯಾತ್ರೆಯ ಮಟ್ಟಿಗೆ, 2025ರ ಜನವರಿ 20ರವರೆಗೆ ಸಡಿಲಿಕೆ ಕೊಟ್ಟಿತು. ಅಯ್ಯಪ್ಪನ ಕಾಯಿಗೆ ಮಂತ್ರಿಗಳ ಮಟ್ಟದಲ್ಲಿ ವಶೀಲಿಯಾಯಿತು, ಅವ್ವನ ಉಡಿಗೆ ಯಾರಿದ್ದಾರೆ? ಎರಡು ಬಟ್ಟಲನ್ನೂ ಅಲ್ಲೇ ಬದಿಯಲ್ಲಿ ನಿಂತು ತಿನ್ನತೊಡಗಿದರೆ ವಿಮಾನ ಹೋಗಿಬಿಡುತ್ತದೆ. ಒಂದು ಚೂರು ಹಲ್ಲಿನಿಂದ ಕಡಿದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಅವರ ಡಬ್ಬಿಗೆ ಹಾಕಿದೆ. ಅವ್ವನಿಗೆ ಇವತ್ತಿಗೂ ಹೇಳಿಲ್ಲ.

ರೈಲಿನಲ್ಲಿ ಇದೇ ಉಡಿ ಎಷ್ಟು ಸಲ ಬಂದಿದೆ! ಕೊಬ್ಬರಿಯಷ್ಟೇ ಅಲ್ಲ, ಧಾರವಾಡದಿಂದ ಬರುವಾಗ ಬ್ಯಾಡಗಿ ಮೆಣಸಿನಕಾಯಿ, ಗುರೆಳ್ಳು ಚಟ್ನಿ, ಒಮ್ಮೆ ಒಂದು ಕಬ್ಬಿಣದ ಹಂಚು, ಇನ್ನೊಮ್ಮೆ ಈಳಿಗೆಮಣೆ. ಈಳಿಗೆಮಣೆ ಹಿಡಿದು ವಿಮಾನ ನಿಲ್ದಾಣದ ಬಾಗಿಲಿಗೆ ಹೋದರೆ ಏನಾದೀತೆಂದು ಯೋಚಿಸಿ ನೋಡಿ.

ಹಾಗಾದರೆ ರೈಲಿಗೂ ಅಂಥದೇ ತಪಾಸಣೆ ಯಾಕಿಲ್ಲ ಎಂದು ಮಗ ಕೇಳುತ್ತಿರುತ್ತಾನೆ. ಸತ್ತವರ ಲೆಕ್ಕ ತೆಗೆದರೆ ರೈಲಿಗೇ ಹೆಚ್ಚು ಹಕ್ಕಿದೆಯಲ್ಲ ಎಂದು ಅವನ ವಾದ. ನಿಜ. 2006ರ ಜುಲೈ 11ರ ಸಂಜೆ ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಹನ್ನೊಂದೇ ನಿಮಿಷದಲ್ಲಿ ಏಳು ಬಾಂಬು ಸಿಡಿದವು. 2008ರ ನವೆಂಬರ್ 26ರ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ 58 ಜನ ಗುಂಡಿಗೆ ಬಲಿಯಾದರು. 2014ರ ಮೇ 1ರಂದು ಬೆಂಗಳೂರಿನಿಂದ ಗುವಾಹಟಿಗೆ ಹೊರಟ ಗಾಡಿ ಚೆನ್ನೈ ಸೆಂಟ್ರಲ್ಲಿನಲ್ಲಿ ನಿಂತಿದ್ದಾಗ ಸ್ಫೋಟವಾಗಿ ಒಬ್ಬ ತರುಣಿ ಸತ್ತಳು. ರೈಲ್ವೆ ಸುಮ್ಮನೇನೂ ಕೂತಿಲ್ಲ. 202 ನಿಲ್ದಾಣಗಳನ್ನು ಆರಿಸಿ ಕ್ಯಾಮೆರಾ, ಲೋಹ ಪತ್ತೆ ಮಾಡುವ ಚೌಕಟ್ಟು, ಚೀಲ ನೋಡುವ ಯಂತ್ರ ಎಲ್ಲ ಸೇರಿದ ಯೋಜನೆ ಮಾಡಿತು. 2019ರ ಜನವರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ನಿಲ್ದಾಣಗಳ ಸುತ್ತ ಸಂದಿಗೊಂದಿ ಮುಚ್ಚಿ, ವಿಮಾನ ನಿಲ್ದಾಣದ ಹಾಗೆಯೇ ತಪಾಸಣೆ ಮಾಡಿ ಒಳಗೆ ಬಿಡುತ್ತೇವೆ, ಪ್ರಯಾಣಿಕರು ಹದಿನೈದಿಪ್ಪತ್ತು ನಿಮಿಷ ಮೊದಲೇ ಬರಬೇಕು ಎಂದು ರೈಲ್ವೆ ರಕ್ಷಣಾ ದಳದ ಮುಖ್ಯಸ್ಥರು ಸಾರಿದರು. ಈಗಾಗಲೇ ಎರಡು ಕಡೆ ಜಾರಿ ಮಾಡಿದ್ದೇವೆ ಎಂದೂ ಹೇಳಿದರು. ಒಂದು, ಕುಂಭಮೇಳದ ಅಲಹಾಬಾದ. ಇನ್ನೊಂದು ನಮ್ಮ ಹುಬ್ಬಳ್ಳಿ.

ಪೇಪರಿನಲ್ಲಿ ಅದನ್ನು ಓದಿ ತವರಿನ ನಿಲ್ದಾಣದ ಹೆಸರು ದೆಹಲಿಯವರ ಬಾಯಲ್ಲಿ ಬಂತಲ್ಲ ಎಂದು ಹಿಗ್ಗಿದ್ದೆ. ಅದೇ ವರ್ಷ ಅಕ್ಟೋಬರ್ 21ಕ್ಕೆ ಅದೇ ಹುಬ್ಬಳ್ಳಿ ಮತ್ತೆ ಸುದ್ದಿಯಾಯಿತು. ವಿಜಯವಾಡದಿಂದ ಬಂದ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ವಾರಸುದಾರರಿಲ್ಲದ ಒಂದು ಬಕೆಟ್ಟು ಸಿಕ್ಕಿತು. ಅದನ್ನು ನಿಲ್ದಾಣದಲ್ಲಿ ಕೆಳಗಿಳಿಸಿ ತೆರೆಯುವಾಗ ಸಿಡಿಯಿತು. ಗಾಯಗೊಂಡವನು ಬಾಂಬು ನಿಷ್ಕ್ರಿಯ ಮಾಡುವ ದಳದವನಲ್ಲ, ಅಲ್ಲಿದ್ದ ಒಬ್ಬ ಸಾಮಾನ್ಯ ಮನುಷ್ಯ. ಅವನ ಕೈಗೆ ಪೆಟ್ಟಾಯಿತು. ಬಾಗಿಲು ಎಷ್ಟು ಭದ್ರ ಮಾಡಿದರೇನು? ಬಕೆಟ್ಟು ಹುಬ್ಬಳ್ಳಿಯ ಬಾಗಿಲಿನಿಂದ ಬಂದದ್ದೇ ಅಲ್ಲ, ಹಳಿಯ ಮೇಲಿನಿಂದ ಬಂದದ್ದು. ವಿಮಾನಕ್ಕೆ ಹೊರಟ ಊರು ಒಂದು, ಇಳಿಯುವ ಊರು ಒಂದು. ವಿಜಯವಾಡ–ಹುಬ್ಬಳ್ಳಿಯ ನಡುವೆ ರೈಲು ನಿಲ್ಲುವ ಊರುಗಳಲ್ಲಿ ಯಾವುದಾದರೂ ಒಂದು ಕಡೆ ಬೇಲಿ ಇಲ್ಲದಿದ್ದರೂ ಹುಬ್ಬಳ್ಳಿಯ ಯಂತ್ರ ದಂಡ.

ದೇಶದಲ್ಲಿ ಏಳು ಸಾವಿರಕ್ಕೂ ಮಿಕ್ಕಿ ಸ್ಟೇಶನ್ನುಗಳಿವೆ. ನಮ್ಮ ತಾಲೂಕಿನ ರಾಜೇವಾಡಿ, ಆಂಬಳೆಯಂಥ ಸ್ಟೇಶನ್ನಿಗೆ ಬಾಗಿಲು ಎಲ್ಲಿಂದ ಇಡುತ್ತೀರಿ? ಅಲ್ಲಿ ಹೊಲವೇ ಪ್ಲಾಟ್‌ಫಾರಮಿಗೆ ತಾಗಿಕೊಂಡಿರುತ್ತದೆ, ದನ ಅಡ್ಡಾಡುತ್ತವೆ. ದೊಡ್ಡ ಕಡೆಯ ಲೆಕ್ಕ ಇನ್ನೊಂದು. ಒಂದು ಎಕ್ಸ್‌ಪ್ರೆಸ್ಸಿನಲ್ಲಿ ಸಾವಿರದೈನೂರು ಜನ ಎನ್ನಿ. ಒಬ್ಬೊಬ್ಬರದು ಒಂದೇ ಚೀಲ, ಒಂದು ಚೀಲಕ್ಕೆ ಹತ್ತು ಸೆಕೆಂಡು ಎಂದರೂ ಒಂದು ಯಂತ್ರಕ್ಕೆ ನಾಲ್ಕು ತಾಸು ಮಿಕ್ಕಿ ಬೇಕು. ಅಷ್ಟರಲ್ಲಿ ಪುಣೆಯಿಂದ ಹೊರಟವರು ಸಾತಾರೆ ದಾಟಿರುತ್ತಾರೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಒಂದೇ ದಿನ ಐದು ಲಕ್ಷ ಜನ ಹಾರಿದರೆಂದು 2024ರ ನವೆಂಬರಿನಲ್ಲಿ ಸಂಭ್ರಮಪಟ್ಟರು. ರೈಲಿನಲ್ಲಿ ದಿನಾಲೂ ಎರಡು ಕೋಟಿಯ ಆಸುಪಾಸು ಜನ ಓಡಾಡುತ್ತಾರೆ, ಸಂಭ್ರಮಪಡಲು ಯಾರಿಗೂ ಪುರುಸೊತ್ತಿಲ್ಲ. ಹುಬ್ಬಳ್ಳಿಯ ಒಂದು ಪ್ಲಾಟ್‌ಫಾರಮಿನ ಉದ್ದವೇ 1507 ಮೀಟರು, 2023ರ ಮಾರ್ಚಿನಲ್ಲಿ ಜಗತ್ತಿನಲ್ಲೇ ಉದ್ದದ್ದೆಂದು ಉದ್ಘಾಟನೆಯಾಯಿತು. ಅದರ ಈ ತುದಿಯಿಂದ ಆ ತುದಿಗೆ ಗಂಟು ಹೊತ್ತು ನಡೆದವರಿಗೆ ಬೇರೆ ತಪಾಸಣೆ ಏಕೆ ಎಂದು ನನ್ನ ತಮ್ಮನ ಅಭಿಪ್ರಾಯ.

ಹಾಗಾಗಿ ದೊಡ್ಡ ಸ್ಟೇಶನ್ನುಗಳಲ್ಲಿ ಈಗ ಉಳಿದಿರುವುದು ಒಂದು ಶಾಸ್ತ್ರ. ಬಾಗಿಲಿನ ನಡುವೆ ಒಂದು ಚೌಕಟ್ಟು ನಿಂತಿರುತ್ತದೆ. ಅದರ ಒಳಗಿಂದ ಹಾಯ್ದವರಿಗೆಲ್ಲ ಅದು ಕೂಗುತ್ತದೆ. ಹಾಯದೆ ಪಕ್ಕದಿಂದ ಹೋದವರಿಗೆ ಸುಮ್ಮನಿರುತ್ತದೆ. ಕುರ್ಚಿಯಲ್ಲಿ ಕೂತ ಪೊಲೀಸಪ್ಪ ಎರಡಕ್ಕೂ ತಲೆ ಎತ್ತುವುದಿಲ್ಲ. ಅವನನ್ನೂ ದೂರಲಾರೆ, ಎಲ್ಲರಿಗೂ ಕೂಗುವ ಯಂತ್ರವನ್ನು ಎಷ್ಟು ಹೊತ್ತು ಕೇಳುತ್ತಾನೆ? ಸ್ಪೇನ್ ದೇಶದವರದು ಇನ್ನೊಂದು ಬಗೆ. 2004ರ ಮಾರ್ಚ್ 11ರಂದು ಮ್ಯಾಡ್ರಿಡ್ಡಿನಲ್ಲಿ ಬಾಂಬು ಸಿಡಿದದ್ದು ದಿನಾ ಕೆಲಸಕ್ಕೆ ಹೋಗುವವರ ಲೋಕಲ್ ಗಾಡಿಗಳಲ್ಲಿ. ಇವತ್ತು ಅಲ್ಲಿ ಚೀಲ ಯಂತ್ರಕ್ಕೆ ಹಾಕಿ ನೋಡುವುದು ದೂರದೂರಿನ ವೇಗದ ಗಾಡಿಗೆ, ಲೋಕಲ್ಲಿಗಲ್ಲ. ಲೋಕಲ್ಲಿಗೆ ಹಾಕಿದರೆ ಊರೇ ನಿಂತುಹೋಗುತ್ತದೆ ಎಂದು ಅವರಿಗೂ ಗೊತ್ತು.

ಇಷ್ಟು ಹೇಳಿದ ಮಾತ್ರಕ್ಕೆ ರೈಲಿನಲ್ಲಿ ಏನನ್ನಾದರೂ ಒಯ್ಯಬಹುದು ಎಂದಲ್ಲ. ಈಳಿಗೆಮಣೆಗಿಂತ ಭಯಂಕರ ವಸ್ತುವೊಂದಿದೆ: ಗ್ಯಾಸಿನ ಸಿಲಿಂಡರು. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈನಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯೊಂದಕ್ಕೆ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಲಖನೌದಿಂದ ಹೊರಟು ದಿನಗಟ್ಟಲೆ ದೇಶ ತಿರುಗಿದ ಬೋಗಿ ಅದು. ಅದರೊಳಗೆ ಕದ್ದು ಒಯ್ದಿದ್ದ ಸಿಲಿಂಡರಿತ್ತು, ಒಲೆಯಿತ್ತು. ಬಾಂಬಲ್ಲ, ವೈರಿಯಲ್ಲ, ಚಹಾ, ತಿಂಡಿ. ರೈಲ್ವೆ ಕಾಯಿದೆಯ 164ನೆಯ ಕಲಮಿನಲ್ಲಿ ಇಂಥದಕ್ಕೆ ಮೂರು ವರ್ಷದವರೆಗೆ ಸಜೆ, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎಂದಿದೆ. 1989ರ ಕಾಯಿದೆ, ಸಾವಿರ ರೂಪಾಯಿಗೆ ಆಗ ಬೆಲೆಯಿತ್ತು. ದೀಪಾವಳಿಯ ಹಿಂದೆಮುಂದೆ ಪಟಾಕಿ ಒಯ್ಯುವವರಿಗೂ ಇದೇ ಕಲಮು. ಲೋಹ ಹುಡುಕುವ ಚೌಕಟ್ಟು ಪಟಾಕಿಯನ್ನು ಹಿಡಿಯದು. ಮೂಗಿದ್ದ ನಾಯಿ ಹಿಡಿದೀತು, ಕಣ್ಣಿದ್ದ ಮನುಷ್ಯ ಹಿಡಿದಾನು. ಮದುರೈ ಬೋಗಿಯ ವಿಷಯ ನನ್ನನ್ನು ಕಾಡುವುದು ಇದಕ್ಕೇ. ಅಷ್ಟು ದಿನ ಒಲೆ ಉರಿಯುತ್ತಿದ್ದರೂ ಅಲ್ಲಿ ಯಾರೂ ಇದೇನ್ರೀ ಎನ್ನಲಿಲ್ಲ, ಯಾಕೆಂದರೆ ಇಡೀ ಬೋಗಿ ಒಂದೇ ತಂಡದ್ದು. ಮಾಮೂಲಿ ಸ್ಲೀಪರಿನಲ್ಲಿ ಯಾರಾದರೂ ಸ್ಟೋವಿಗೆ ಬೆಂಕಿಕಡ್ಡಿ ಗೀರಿ ನೋಡಲಿ. ಎದುರು ಸೀಟಿನ ಅಜ್ಜಿ ಎದ್ದು ನಿಲ್ಲುತ್ತಾಳೆ.

ಆ ಅಜ್ಜಿಯೇ ರೈಲಿನ ತಪಾಸಣೆ ಎಂದು ನನ್ನ ಅಂಬೋಣ. ಎಲ್ಲ ರೈಲಿನಲ್ಲೂ ಒಬ್ಬಳು ಇರುತ್ತಾಳೆ. ವಂದೇ ಭಾರತ್ ಸಿಗದ ದಿನ ಸ್ಲೀಪರಿನಲ್ಲಿ ಹೊರಟಿದ್ದೆ. ಮೀರಜಿನಲ್ಲಿ ಒಬ್ಬಳು ಹತ್ತಿದಳು, ಇಲಕಲ್ ಸೀರೆ, ಗೋಣಿಯ ಗಂಟು, ಬಗಲಲ್ಲಿ ಡಬ್ಬಿ. ಕೂತು ಉಸಿರು ಬಿಟ್ಟವಳೇ ಶುರು ಮಾಡಿದಳು.

“ಎಲ್ಲಿಗಿ ಹೊಂಟೀಯವ್ವಾ?”

“ಧಾರವಾಡಕ್ಕ.”

“ತವರಮನಿ ಏನ? ಎಲ್ಲಿಗಿ ಕೊಟ್ಟಾರ?”

“ಸಾಸವಡ. ಪುಣೆದ ಕಡೆ.”

“ಅಷ್ಟ ದೂರ ಯಾಕ ಕೊಟ್ರ? ಗಂಡ ಏನ ಮಾಡ್ತಾನ? ಈ ಬ್ಯಾಗ ನಿಂದ? ಅದು?”

ಅದು ನನ್ನದಾಗಿರಲಿಲ್ಲ. ಸೀಟಿನ ಕೆಳಗಿದ್ದ ಕೆಂಪು ಬ್ಯಾಗು ಯಾರದೆಂದು ಎಂಟು ಸೀಟಿನವರಿಗೂ ವಿಚಾರಣೆಯಾಯಿತು. ಮೇಲಿನ ಬರ್ತಿನಲ್ಲಿ ಹಾಡು ಕೇಳುತ್ತ ಮಲಗಿದ್ದ ಹುಡುಗನನ್ನು ಕಾಲು ಅಲುಗಿಸಿ ಎಬ್ಬಿಸಿ, ನಿಂದೇನಪ್ಪಾ ಎಂದು ಕೇಳಿ, ಹೌದು ಎನಿಸಿಕೊಂಡ ಮೇಲೇ ಅಜ್ಜಿಗೆ ಸಮಾಧಾನ. “ಮತ್ತ ಕೀಲಿ ಹಾಕಿ ಸರಪಳಿ ಕಟ್ಟಬಾರದ?” ಎಂದು ಅವನಿಗೇ ಬೈದಳು. ಪ್ಲಾಟ್‌ಫಾರಮಿನ ಮೇಲೆ ಹೆಗಲಿಗೆ ಸರಪಳಿ ಇಳಿಬಿಟ್ಟುಕೊಂಡು ಮಾರುವವರು ಇರುತ್ತಾರಲ್ಲ, ಅವರ ಹೊಟ್ಟೆ ತುಂಬಿಸುವವರು ಇಂಥ ಅಜ್ಜಿಯರೇ. ಒಟ್ಟು ಹತ್ತೇ ನಿಮಿಷದಲ್ಲಿ ನಮ್ಮ ಭಾಗದಲ್ಲಿ ಯಾರ ಗಂಟು ಯಾವುದು, ಯಾರು ಎಲ್ಲಿ ಇಳಿಯುವವರು, ಯಾರ ಮಗಳ ಲಗ್ನ ನಿಂತಿದೆ ಎಲ್ಲ ದಾಖಲಾಯಿತು. ಆಮೇಲೆ ಡಬ್ಬಿ ತೆಗೆದು ಎಲ್ಲರ ಕೈಗೂ ಶೇಂಗಾ ಉಂಡಿ ಕೊಟ್ಟಳು. ಅಪರಿಚಿತರಿಂದ ತಿನಿಸು ತೆಗೆದುಕೊಳ್ಳಬೇಡಿ ಎಂದು ಮೀರಜಿನಲ್ಲಿ ಆಗಷ್ಟೇ ಧ್ವನಿವರ್ಧಕ ಕೂಗಿತ್ತು. ಬಿಸ್ಕೀಟಿನಲ್ಲಿ ಮತ್ತು ಬರಿಸಿ ದೋಚುವವರು ಇರುವುದು ಖರೆ. ಆದರೂ ಉಂಡಿ ತಿಂದೆವು.

ರೈಲ್ವೆಗೂ ಈ ಗುಟ್ಟು ಸ್ವಲ್ಪ ಗೊತ್ತಾದಂತಿದೆ. 2020ರಲ್ಲಿ ‘ಮೇರಿ ಸಹೇಲಿ’ ಎಂದೊಂದು ಶುರು ಮಾಡಿದರು. ಒಂಟಿಯಾಗಿ ಹೊರಟ ಹೆಂಗಸರ ಹತ್ತಿರ ರಕ್ಷಣಾ ದಳದ ಹೆಣ್ಣುಮಕ್ಕಳು ಬಂದು ಮಾತಾಡಿಸಿ, ಎಲ್ಲಿಗೆ ಎಂದು ಕೇಳಿ, ತೊಂದರೆಯಾದರೆ 139ಕ್ಕೆ ಫೋನು ಮಾಡಿ ಎಂದು ಹೇಳಿ, ಸೀಟಿನ ನಂಬರು ಬರೆದುಕೊಂಡು ಹೋಗುತ್ತಾರೆ. ಕಡ್ಡಿಯಿಲ್ಲ, ಯಂತ್ರವಿಲ್ಲ, ನಾಲ್ಕು ಮಾತು. ಮುಂಬಯಿಯ ಟರ್ಮಿನಸ್ಸಿನಲ್ಲಿ 26/11ರ ಆ ರಾತ್ರಿಯೂ ಬಹಳ ಜನರ ಜೀವ ಉಳಿಸಿದ್ದು ವಿಷ್ಣು ಝೇಂಡೆ ಎಂಬ ಪ್ರಕಟಣೆಕಾರರ ದನಿ. ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಆ ಕಡೆ ಹೋಗಬೇಡಿ, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು.

ವಿಮಾನದಲ್ಲಿ ಪಕ್ಕದವರನ್ನು ನಾನು ಏನೂ ಕೇಳುವುದಿಲ್ಲ. ಕೇಳುವ ಅಗತ್ಯವೇ ಇಲ್ಲ, ಅವರನ್ನು ಪರೀಕ್ಷಿಸಿ ಕಳಿಸಿರುವುದು ಸರ್ಕಾರ. ಮೂರು ಕಡೆ ಗುರುತು ತೋರಿಸಿ, ಪರದೆಯೊಳಗೆ ಕೈ ಚಾಚಿ ಬಂದವರ ನಡುವೆ ಮಾತಿನ ಸಾಲ ಇರುವುದಿಲ್ಲ. ಒಂದೂವರೆ ತಾಸು ಮೊಣಕೈಗೆ ಮೊಣಕೈ ತಾಗಿಸಿ ಕೂತ ಹುಡುಗಿಯ ಊರು ಯಾವುದೆಂದು ಇಳಿಯುವಾಗಲೂ ಗೊತ್ತಿರುವುದಿಲ್ಲ. ರೈಲಿನಲ್ಲಿ ಯಾರೂ ನಮ್ಮನ್ನು ನೋಡಿ ಕಳಿಸಿರುವುದಿಲ್ಲವಾದ್ದರಿಂದ ನಾವೇ ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕಾಗುತ್ತದೆ. ನೋಡಿಕೊಳ್ಳುವುದರಲ್ಲಿ ಎರಡೂ ಬಗೆ ಬಂತು, ಕಾಯುವುದೂ, ಕಣ್ಣಿಡುವುದೂ.

ಕಣ್ಣಿಡುವುದರ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಅಜ್ಜಿಯನ್ನು ಹಾಡಿ ಹೊಗಳಿದ್ದು ಸುಳ್ಳಾದೀತು. ‘ಯಾವ ಊರು’ ಆದ ಮೇಲೆ ‘ಯಾರ ಪೈಕಿ’ ಬರುತ್ತದೆ. ಅದು ಜಾತಿ ತಿಳಿಯುವ ಹಾದಿ ಎಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಬುರಖಾ ತೊಟ್ಟ ಹೆಣ್ಣುಮಗಳೊಬ್ಬಳು ಎದುರಿಗಿದ್ದರೆ ನಮ್ಮ ಅಜ್ಜಿ ಆ ಕೆಂಪು ಬ್ಯಾಗಿನ ವಿಚಾರಣೆಯನ್ನು ಅದೇ ದನಿಯಲ್ಲಿ ಮಾಡುತ್ತಿದ್ದಳೇ ಎಂಬುದಕ್ಕೆ ನಾನು ಜಾಮೀನು ನಿಲ್ಲಲಾರೆ. 2023ರ ಜುಲೈ 31ರಂದು ಜೈಪುರದಿಂದ ಮುಂಬಯಿಗೆ ಬರುತ್ತಿದ್ದ ರೈಲಿನಲ್ಲಿ ರಕ್ಷಣಾ ದಳದ ಕಾನ್‌ಸ್ಟೇಬಲ್ಲನೇ ತನ್ನ ಮೇಲಧಿಕಾರಿಯನ್ನೂ ಮೂವರು ಮುಸ್ಲಿಂ ಪ್ರಯಾಣಿಕರನ್ನೂ ಗುಂಡಿಟ್ಟು ಕೊಂದ. ಆ ಬಂದೂಕು ಯಾವ ತಪಾಸಣೆಗೂ ಸಿಗುವಂಥದ್ದಲ್ಲ, ಅದು ತಪಾಸಣೆಯ ಕಡೆಯದೇ. ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ 2024ರ ಫೆಬ್ರವರಿಯಲ್ಲಿ ಒಬ್ಬ ರೈತನನ್ನು ಬಟ್ಟೆ ಕೊಳೆ ಎಂದು ತಡೆದರು. ತಲೆಯ ಮೇಲೆ ಗಂಟಿತ್ತು, ಕೈಯಲ್ಲಿ ಟಿಕೀಟಿತ್ತು. ಗಂಟಿನಲ್ಲಿ ಇದ್ದದ್ದು ಬಟ್ಟೆ. ಸುತ್ತಲಿನ ಪ್ರಯಾಣಿಕರೇ ಜಗಳ ತೆಗೆದು ಅವನನ್ನು ಒಳಗೆ ಬಿಡಿಸಿದರು, ತಡೆದ ಮೇಲ್ವಿಚಾರಕನನ್ನು ಆಮೇಲೆ ಕೆಲಸದಿಂದ ತೆಗೆದರು. ಮೆಟ್ರೊದವರ ಯಂತ್ರ ಆ ಗಂಟನ್ನು ತಡೆದಿರಲಿಲ್ಲ, ಮನುಷ್ಯನ ಕಣ್ಣು ತಡೆದಿತ್ತು. ಬಿಡಿಸಿದ್ದೂ ಮನುಷ್ಯರ ಬಾಯಿಯೇ. ಯಂತ್ರಕ್ಕೆ ಭೇದಭಾವವಿಲ್ಲ ಎನ್ನುವವರು ವಿಮಾನ ನಿಲ್ದಾಣದಲ್ಲಿ ತೂಗುಹಾಕಿದ ಹಲಗೆಯನ್ನೂ ಓದಬೇಕು. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಎಂದು ತಪಾಸಣೆಯಿಲ್ಲದೆ ಹಾಯಬಹುದಾದವರ ಪಟ್ಟಿ ಉದ್ದಕ್ಕೆ ಇಳಿದಿರುತ್ತದೆ. ಅವರ ಪಿನ್ನು ಕೂಗುವುದಿಲ್ಲ.

2025ರ ಫೆಬ್ರವರಿಯಲ್ಲಿ ಹೊಸದಿಲ್ಲಿ ನಿಲ್ದಾಣದಲ್ಲಿ ಕುಂಭಮೇಳದ ನೂಕುನುಗ್ಗಲಿಗೆ 18 ಜನ ಸತ್ತ ಮೇಲೆ, ಅರವತ್ತು ಎಪ್ಪತ್ತು ದೊಡ್ಡ ನಿಲ್ದಾಣಗಳಿಗೆ ಟಿಕೀಟಿದ್ದವರನ್ನಷ್ಟೇ ಬಿಡುವ ಬಾಗಿಲು ಮಾಡುತ್ತೇವೆಂದು ಸರ್ಕಾರ ಹೇಳಿದೆ. ಜನಜಂಗುಳಿ ತಡೆಯಲು ಅದು ಬೇಕಿರಬಹುದು. ಆದರೆ ಬಾಗಿಲಿಟ್ಟಲ್ಲಿ ಸಾಲು ಹುಟ್ಟುತ್ತದೆ, ಸಾಲು ಬಾಗಿಲಿನ ಹೊರಗೆ ನಿಲ್ಲುತ್ತದೆ. 2016ರಲ್ಲಿ ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ಬಾಂಬಿಟ್ಟವರು ತಪಾಸಣೆ ದಾಟುವ ಗೋಜಿಗೇ ಹೋಗಲಿಲ್ಲ, ಹೊರಗಿನ ಸಾಲಿನಲ್ಲೇ ಸಿಡಿಸಿದರು. ಮಗನಿಗೆ ಇದನ್ನು ಹೇಳಿದರೆ “ಹಾಗಾದರೆ ಏನೂ ಮಾಡುವುದೇ ಬೇಡವಾ ಅಮ್ಮಾ?” ಎಂದು ರೇಗುತ್ತಾನೆ. ಮಾಡಲಿ. ಸಿಲಿಂಡರು, ಪಟಾಕಿ ಮೂಸುವ ನಾಯಿಗಳನ್ನು ಹೆಚ್ಚಿಸಲಿ, ಬೋಗಿಗೊಬ್ಬ ಮಾತು ಬಲ್ಲ ಪೊಲೀಸನನ್ನು ಅಡ್ಡಾಡಿಸಲಿ, ವಾರಸುದಾರರಿಲ್ಲದ ಬಕೆಟ್ಟನ್ನು ದಾರಿಹೋಕನ ಕೈಯಿಂದ ತೆಗೆಸದಿರಲಿ. ಕೂಗುವ ಚೌಕಟ್ಟುಗಳನ್ನು ಹಳೆ ಕಬ್ಬಿಣಕ್ಕೆ ಹಾಕಲಿ.

ನಮ್ಮೂರಿನ ದೊಡ್ಡ ಪರೀಕ್ಷೆ ಆಷಾಢಕ್ಕೆ ಮುಂಚೆ ಬರುತ್ತದೆ. ಆಳಂದಿಯಿಂದ ವಿಠೋಬನ ದರ್ಶನಕ್ಕೆ ಹೊರಟ ಸಂತ ಜ್ಞಾನೇಶ್ವರ ಮಾವುಲಿಯ ಪಾಲಕಿ ಪುಣೆ ದಾಟಿ ದಿವೆ ಘಾಟ ಹತ್ತಿ ಸಾಸವಡದಲ್ಲಿ ಎರಡು ರಾತ್ರಿ ತಂಗುತ್ತದೆ. ಮಾವುಲಿಯ ತಮ್ಮ ಸೋಪಾನಕಾಕನ ಸಮಾಧಿ ಇರುವುದೇ ಇಲ್ಲಿ, ಕರ್ಹಾ ಹೊಳೆಯ ದಂಡೆಯಲ್ಲಿ. ಅವನ ಪಾಲಕಿ ಹೊರಡುವುದೂ ಇಲ್ಲಿಂದ. ಆ ಎರಡು ದಿನ ಲಕ್ಷಗಟ್ಟಲೆ ಜನ. ಪೊಲೀಸರು ಕ್ಯಾಮೆರಾ ಹಾಕುತ್ತಾರೆ, ಕೊರಳ ಸರ ಜೋಪಾನ ಎಂದು ಮೈಕಿನಲ್ಲಿ ಕೂಗುತ್ತಾರೆ. ಕಳ್ಳರೂ ಬರುತ್ತಾರೆ, ಸುಳ್ಳಲ್ಲ. ಆದರೂ ಊರಿನ ಮನೆಗಳು ಬಾಗಿಲು ತೆರೆದು ಪಾಲಕಿಯ ಜೊತೆ ನಡೆದುಬಂದ ಗುರುತಿಲ್ಲದ ವಾರಕರಿಗಳನ್ನು ಪಡಸಾಲೆಯಲ್ಲಿ ಮಲಗಿಸಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಹೊಸ್ತಿಲ ಬಳಿ ಅತ್ತೆ ಕೂತಿರುತ್ತಾರೆ. ಯಾವ ಊರು, ಯಾವ ದಿಂಡಿ, ಎಷ್ಟನೆಯ ವಾರಿ, ಜೊತೆಗೆ ಯಾರಿದ್ದಾರೆ. ಉತ್ತರ ತಡವರಿಸಿದರೆ ಚಹಾ ಕೊಡುತ್ತಾರೆ, ಜಾಗ ಕೊಡುವುದಿಲ್ಲ.

ಹೋದ ಸಲ ಕೆಂಪು ರುಮಾಲಿನ ಮುದುಕರೊಬ್ಬರು ಬಂದರು. ಮರಾಠಿ ಹೇಳುತ್ತಿದ್ದರು, ಅದರ ಕೆಳಗೆ ಬೇರೆ ರಾಗವಿತ್ತು. ಚಿಕ್ಕೋಡಿ ಕಡೆಯವನು ಎಂದರಂತೆ. ಅತ್ತೆ ಒಳಗೆ ಕೂಗಿದರು: “ಸೂನಬಾಯಿ, ತುಝ್ಯಾ ಮುಲುಖಾಚಾ ಆಹೆ ಮ್ಹಣತೋಯ. ವಿಚಾರ ತ್ಯಾಲಾ.” ನಿನ್ನ ನಾಡಿನವನಂತೆ, ನೀನೇ ಕೇಳು ಎಂದು. ವಿಚಾರಣೆಯ ಅಧಿಕಾರ ನನಗೆ ವರ್ಗವಾಯಿತು. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದೆ.

“ಚಿಕ್ಕೋಡಿ ಅಂದ್ರ ಯಾವ ಊರಾಯ್ತ್ರಿ ಅಜ್ಜಾರ?”

“ಅಂಕಲಿ ಹಂತೇಲಿ.”

ಅಂಕಲಿ ಎಂದ ಮೇಲೆ ಅರ್ಧ ಪಾಸಾದ ಹಾಗೆಯೇ. ಮಾವುಲಿಯ ಪಾಲಕಿಯೊಂದಿಗೆ ನಡೆಯುವ ಕುದುರೆಗಳು ಬರುವುದೇ ಆ ಅಂಕಲಿಯ ಶಿತೋಳೆ ಸರ್ದಾರರ ಮನೆಯಿಂದ. ಆದರೂ ಬಿಡಲಿಲ್ಲ. “ಅಂಕಲಿ ಕುದುರಿ ಯಾರ ಮನ್ಯಾವ?” ಎಂದೆ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಶಿತೋಳೆ ಸರ್ಕಾರದ್ದು. ಅದನ್ನ ಯಾರರೆ ಕೇಳ್ತಾರ? ನೀ ಯಾವ ಊರಾಕಿ?”

“ಧಾರವಾಡ.”

“ಧಾರವಾಡದಾಗ ಯಾವ ಓಣಿ? ಯಾರ ಮಗಳು? ಇಲ್ಲಿಗೆ ಹೆಂಗ ಬಂದಿ?”

ಹೇಳಿದೆ. ಎಲ್ಲವನ್ನೂ ಹೇಳಿದೆ, ಅತ್ತೆ ನಡುನಡುವೆ ಕಾಯ್ ಮ್ಹಣತೋಯ, ಕಾಯ್ ಮ್ಹಣತೋಯ ಎಂದು ಕೇಳುತ್ತಿರುವಂತೆಯೇ. ಪೂರ್ತಿ ಕೇಳಿಸಿಕೊಂಡ ಮೇಲೆ ಅಜ್ಜ ಹೆಗಲ ಚೀಲ ಇಳಿಸಿ ಗೋಡೆಗೆ ಆನಿಸಿದರು.

“ಹಂಗಾದ್ರ ರೊಟ್ಟಿ ಮಾಡಾಕ ಬರ್ತದಲ್ಲ ನಿನಗ? ಜ್ವಾಳದ್ದು. ಹಾದೀಲಿ ಬರೇ ಚಪಾತಿ ತಿಂದು ಸಾಕಾಗೇತಿ. ಹದಿನೈದು ಮಂದಿ ಅದೀವಿ, ಕುದುರಿಗೆ ನೀರ ಕುಡಸಾಕ ಹೋಗ್ಯಾರ, ಬರ್ತಾರ.”